ರಾತ್ರಿ ಎರಡು ಗಂಟೆಗೆ ಬರ್ತಿದ್ದ ಲಿಂಕ್‌ಗಳು: ಯುದ್ಧದ ಡಾಕ್ಯುಮೆಂಟರಿ ನೋಡಿದ ಒಂದು ಗುಂಪಿನ ಪ್ರಕರಣ

ಮೊದಲೇ ಹೇಳಿಬಿಡ್ತೀನಿ, ಇದರಲ್ಲಿ ಬರೋ ಯಾರ ಹೆಸರೂ ಇಲ್ಲ, ಊರಿಲ್ಲ, ಕೆಲಸ ಮಾಡೋ ಜಾಗ ಇಲ್ಲ, ಗುರುತು ಸಿಕ್ಕಿಬಿಡಬಹುದಾದ ಒಂದೆರಡು ವಿವರ ಬೇಕಂತಲೇ ಬದಲಾಯಿಸಿದೀನಿ, ಮುಖ್ಯವಾಗಿ ಬರೋ ಇಬ್ಬರೂ ಬರೀರಿ ಅಂದಮೇಲೇನೇ ಬರೀತಿರೋದು. ಸಿನಿಮಾ ತೋರಿಸಿ ಆಮೇಲೆ ಕೂತು ಮಾತಾಡೋ ಗುಂಪುಗಳಲ್ಲಿ ಆ ಮಾತುಕತೆ ನಡೆಸಿಕೊಡೋದು ನನ್ನ ಕೆಲಸ. ಯುದ್ಧ, ಶಸ್ತ್ರಾಸ್ತ್ರ ವ್ಯಾಪಾರ ಇಂಥ ವಿಷಯದ ಡಾಕ್ಯುಮೆಂಟರಿ ತೋರಿಸೋಣ, ಜನಕ್ಕೆ ಗೊತ್ತಾಗ್ಲಿ ಅಂತ ಬಹಳ ಜನ ಹೊರಡ್ತಾರೆ. ಗೊತ್ತಾದ ಮೇಲೆ ನೋಡಿದವರಿಗೆ ಏನಾಗುತ್ತೆ ಅನ್ನೋದನ್ನ ಯಾರೂ ಅಷ್ಟಾಗಿ ನೋಡಲ್ಲ.

ಹಿನ್ನೆಲೆ

ಹತ್ತು ಹನ್ನೆರಡು ಜನರ ಗುಂಪು. ಎರಡು ವಾರಕ್ಕೊಂದು ಸಲ ಸಂಜೆ ಸೇರಿ ಡಾಕ್ಯುಮೆಂಟರಿ ನೋಡ್ತಿದ್ರು. ನಡೆಸ್ತಿದ್ದೋರು ಇಬ್ಬರು, ಇಬ್ಬರೂ ಉತ್ಸಾಹಿಗಳು, ಸಿನಿಮಾ ಬಗ್ಗೆ ನಿಜವಾಗ್ಲೂ ತಿಳ್ಕೊಂಡಿರೋರು. ಒಂದು ಸರಣಿ ಪೂರ್ತಿ ಯುದ್ಧ ಮತ್ತೆ ಶಸ್ತ್ರಾಸ್ತ್ರ ಉದ್ಯಮದ ಮೇಲೆ ಇಡೋಣ ಅಂತ ತೀರ್ಮಾನ ಮಾಡಿದ್ರು. ಮೊದಲನೇದು ಮುತ್ತಿಗೆ ಬಿದ್ದ ನಗರವೊಂದರ ಒಳಗಿಂದ ಅಲ್ಲಿನವರೇ ಶೂಟ್ ಮಾಡಿದ್ದು. ಎರಡನೇದು ಆರ್ಮ್ಸ್ ಡೀಲ್‌ಗಳ ಬಗ್ಗೆ, ಲಂಚ, ಮಧ್ಯವರ್ತಿಗಳು, ಮಂತ್ರಿಗಳು, ಆ ಥರದ್ದು. ಆಮೇಲೆ ಡ್ರೋನ್ ಬಗ್ಗೆ ಒಂದು. ಹೀಗೆ ಲಿಸ್ಟ್ ಇತ್ತು.

ಗುಂಪಲ್ಲಿ ಇಬ್ಬರ ಬಗ್ಗೆ ಹೇಳ್ಬೇಕು. ಒಬ್ಬರು ಶಾಲೆ ಟೀಚರ್, ಮೂವತ್ತರ ಆಸುಪಾಸು, ದಿನಾ ನ್ಯೂಸ್ ಓದೋರು, ನಿರಾಶ್ರಿತರಿಗೆ ಸಹಾಯ ಮಾಡೋ ಒಂದು ಸಂಸ್ಥೆಗೆ ತಿಂಗಳು ತಿಂಗಳು ಸಣ್ಣ ಮೊತ್ತ ಕಳಿಸ್ತಿದ್ದೋರು. ಟೀಚರ್ ಅಂತಲೇ ಕರೀತೀನಿ. ಇನ್ನೊಬ್ಬರು ಐವತ್ತು ದಾಟಿದವರು, ಪ್ರಿಸಿಷನ್ ಮಷೀನಿಂಗ್ ಮಾಡೋ ಕಾರ್ಖಾನೆಯಲ್ಲಿ ತಯಾರಾದ ಪೀಸ್‌ಗಳನ್ನ ಅಳತೆ ಮಾಡಿ ಪಾಸ್ ಅಥವಾ ರಿಜೆಕ್ಟ್ ಅನ್ನೋರು. ಕಾರ್ಖಾನೆಯಲ್ಲಿ ಅವರನ್ನ ಎಲ್ಲರೂ ಕ್ಯೂಸಿ (ಕ್ವಾಲಿಟಿ ಕಂಟ್ರೋಲ್) ಸರ್ ಅಂತಾರಂತೆ, ಇಲ್ಲೂ ಹಾಗೇ ಇರ್ಲಿ. ಅವರ ಕಂಪನಿ ಹಲವಾರು ಕಡೆಗೆ ಪಾರ್ಟ್ ಸಪ್ಲೈ ಮಾಡುತ್ತೆ, ಅದರಲ್ಲಿ ಡಿಫೆನ್ಸ್ ಆರ್ಡರ್‌ಗಳೂ ಇವೆ ಅಂತ ಅವರೇ ಒಂದ್ಸಲ ಮಾತಿನ ಮಧ್ಯೆ ಹೇಳಿದ್ರು, ಮುಚ್ಚಿಟ್ಟಿರ್ಲಿಲ್ಲ.

ಸಮಸ್ಯೆ ಶುರುವಾಗಿದ್ದು ಎಲ್ಲಿ

ಮುತ್ತಿಗೆಯ ಚಿತ್ರ ಮುಗಿದಾಗ ಯಾರೂ ಮಾತಾಡ್ಲಿಲ್ಲ. ಇಬ್ಬರು ಅತ್ತಿದ್ರು. ಚರ್ಚೆ ಮಾಡೋಣ್ವಾ ಅಂದ್ರೆ ಎಲ್ಲರೂ ನೆಲ ನೋಡ್ತಾರೆ, ಸರಿ ಬಿಡಿ ಅಂತ ಎದ್ದು ಹೋದ್ರು. ನಡೆಸೋರಿಗೆ ಇದು ಸ್ವಲ್ಪ ಗಾಬರಿಯಾಯ್ತು, ಆದ್ರೆ ಮುಂದಿನ ಸಲ ಬಂದಾಗ ಹೆಚ್ಚುಕಮ್ಮಿ ಎಲ್ಲರೂ ಸರಿಯಾಗೇ ಇದ್ರು. ಎದೆ ಭಾರ ಆಗಿತ್ತು, ಒಂದೆರಡು ದಿನ ಮಂಕಾಗಿದ್ವಿ, ಮನೇಲಿ ಮಕ್ಕಳನ್ನ ತಬ್ಬಿಕೊಂಡ್ವಿ ಅನ್ನೋ ಥರ ಮಾತುಗಳು.

ಆರ್ಮ್ಸ್ ಡೀಲ್ ಚಿತ್ರದ ದಿನ ಎಲ್ಲಾ ಉಲ್ಟಾ. ಒಂದು ಹನಿ ರಕ್ತ ತೋರಿಸಿರ್ಲಿಲ್ಲ ಅದರಲ್ಲಿ. ಕೋಟು ಹಾಕ್ಕೊಂಡವರ ಸಂದರ್ಶನ, ಹಳೇ ಫುಟೇಜ್, ಬ್ಯಾಂಕ್ ಕಾಗದಗಳು, ಹಿನ್ನೆಲೆಯಲ್ಲಿ ಗುಡುಗುಟ್ಟೋ ಮ್ಯೂಸಿಕ್. ಮುಗಿದ ತಕ್ಷಣ ಗಲಾಟೆ, ಎಲ್ಲರೂ ಒಟ್ಟಿಗೆ ಮಾತಾಡ್ತಿದ್ದಾರೆ, ಕೋಪ, ಆವೇಶ, ಟೀಚರ್ ಅಂತೂ ಎದ್ದು ನಿಂತು ಮಾತಾಡಿದ್ರು. ನಡೆಸೋರಿಗೆ ಭಾರೀ ಖುಷಿ, ಡಿಸ್ಕಷನ್ ಅಂದ್ರೆ ಹೀಗಿರ್ಬೇಕು ಅಂತ. ನನ್ನ ಅನುಭವದಲ್ಲಿ ಕಾಳಜಿ ಮಾಡ್ಬೇಕಾಗಿರೋದು ಇಂಥ ದಿನದ ಬಗ್ಗೇನೇ. ಅತ್ತು ಹೋದವರು ಸಾಮಾನ್ಯವಾಗಿ ಚೇತರಿಸ್ಕೋತಾರೆ. ಯುದ್ಧದ ದೃಶ್ಯ ದುಃಖ ಕೊಡುತ್ತೆ, ದುಃಖ ಮೈಗೆ ಗೊತ್ತಿರೋ ವಿಷಯ, ಅದಕ್ಕೆ ಬರೋಕೂ ಗೊತ್ತು ಹೋಗೋಕೂ ಗೊತ್ತು. ಉದ್ಯಮದ ಬಗ್ಗೆ ಇರೋ ಚಿತ್ರ ಕೈ ಹಾಕೋದು ನಂಬಿಕೆಗೆ. ಸರ್ಕಾರ, ಕೋರ್ಟು, ಪತ್ರಿಕೆ, ಪಕ್ಕದಲ್ಲಿ ಕೂತಿರೋ ಮನುಷ್ಯ, ಯಾರನ್ನ ನಂಬೋದು ಅನ್ನೋ ಪ್ರಶ್ನೆ ಹಾಕಿ ಟೈಟಲ್ ಕಾರ್ಡ್ ಓಡಿಸಿ ಮುಗಿಸಿಬಿಡುತ್ತೆ.

ಆವತ್ತು ರಾತ್ರಿ ಮನೆಗೆ ಹೋಗಿ ಟೀಚರ್ ಅದೇ ವಿಷಯದ ಇನ್ನೊಂದು ಹಾಕಿದ್ರು. ಅದಾದಮೇಲೆ ಮತ್ತೊಂದು ತಾನೇ ಪ್ಲೇ ಆಯ್ತು. ಕೆಲವು ವಾರಗಳಲ್ಲಿ ಇದು ದಿನಾ ರಾತ್ರಿಯ ಅಭ್ಯಾಸ ಆಗೋಯ್ತು, ಲೈಟ್ ಆಫ್ ಮಾಡ್ಕೊಂಡು ಇಯರ್‌ಫೋನ್ ಹಾಕ್ಕೊಂಡು ಮಂಚದ ಮೇಲೆ ಮೊಬೈಲಲ್ಲಿ. ಗುಂಪಿನ ವಾಟ್ಸಾಪ್‌ಗೆ ರಾತ್ರಿ ಎರಡು ಗಂಟೆಗೆ ಲಿಂಕ್‌ಗಳು ಬರೋಕೆ ಶುರುವಾಯ್ತು. ಶುರುವಲ್ಲಿ ಲಿಂಕ್ ಜೊತೆ "ಇದನ್ನ ನೋಡಿ, ತುಂಬಾ ಬೇಜಾರಾಯ್ತು" ಅಂತ ಇರ್ತಿತ್ತು, ಆಮೇಲೆ "ಗೊತ್ತಿತ್ತು ನನಗೆ" ಅಂತ ಬಂತು, ಕೊನೆಕೊನೆಗೆ ಏನೂ ಬರೀದೆ ಬರೀ ಲಿಂಕ್. ಹಿಂದಿನ ಮೆಸೇಜ್‌ಗಳನ್ನ ಒಟ್ಟಿಗೆ ಸ್ಕ್ರೋಲ್ ಮಾಡಿದಾಗ ನನಗೆ ಎದ್ದು ಕಂಡಿದ್ದು ಇದು, ಬೇಜಾರು ಅನ್ನೋ ಮಾತೇ ಮಾಯ ಆಗಿತ್ತು.

ಇದರ ಮಧ್ಯೆ ಮೂರನೇ ಚಿತ್ರದ ದಿನ ಟೀಚರ್ ಎಲ್ಲರ ಮುಂದೆ ಕ್ಯೂಸಿ ಸರ್‌ನ ಕೇಳಿದ್ರು, "ಸರ್, ನಿಮಗೆ ರಾತ್ರಿ ನಿದ್ದೆ ಹೇಗೆ ಬರುತ್ತೆ?" ಅಂತ. ಅವರು ಏನೂ ಹೇಳ್ಲಿಲ್ಲ. ಸ್ವಲ್ಪ ಹೊತ್ತು ಕೂತಿದ್ರು, ಹೆಲ್ಮೆಟ್ ತಗೊಂಡು ಹೊರಟುಹೋದ್ರು. ಮುಂದಿನ ಸಲ ಬರ್ಲಿಲ್ಲ. ಅವರ ಜೊತೆ ಬರ್ತಿದ್ದ ಇನ್ನೊಬ್ಬರೂ ನಿಲ್ಲಿಸಿದ್ರು. ಇಷ್ಟಾದಮೇಲೆ ನಡೆಸೋರು ನನ್ನನ್ನ ಕರೆದ್ರು.

ಏನೇನು ಮಾಡಿದ್ರು, ಯಾವುದು ಹಳ್ಳ ಹಿಡೀತು

ನಾನು ಹೋಗೋ ಹೊತ್ತಿಗೆ ಅವರು ಒಂದು ಪ್ರಯತ್ನ ಮಾಡಿಯಾಗಿತ್ತು. ಚಿತ್ರಕ್ಕೆ ಮುಂಚೆ ಎಚ್ಚರಿಕೆ ಹೇಳೋದು, ಮನಸ್ಸಿಗೆ ಕಷ್ಟ ಆಗೋ ದೃಶ್ಯಗಳಿವೆ ಅಂತ. ಇದರಿಂದ ಹೆಚ್ಚೇನೂ ಉಪಯೋಗ ಆಗಿರ್ಲಿಲ್ಲ. ಇಂಥ ಎಚ್ಚರಿಕೆಗಳ ಮೇಲೆ ಆಗಿರೋ ಅಧ್ಯಯನಗಳು ಹೇಳೋದೂ ಹೆಚ್ಚುಕಮ್ಮಿ ಇದೇ, ನೋಡೋಕೆ ಮುಂಚೆ ಆತಂಕ ಸ್ವಲ್ಪ ಜಾಸ್ತಿಯಾಗುತ್ತೆ, ನೋಡಿದಮೇಲೆ ಆಗೋ ಕಷ್ಟ ಕಮ್ಮಿಯಾಗಲ್ಲ. ಅಷ್ಟಕ್ಕೂ ಟೀಚರ್‌ನ ಕೆಡಿಸಿದ ಚಿತ್ರದಲ್ಲಿ ಎಚ್ಚರಿಕೆ ಕೊಡೋಕೆ ಇದ್ದಿದ್ದಾದ್ರೂ ಏನು? ಕೋಟು ಹಾಕಿದವರು ಬರ್ತಾರೆ ಹುಷಾರು ಅಂತ ಹೇಳೋಕಾಗುತ್ತಾ.

ಎರಡನೇದು, ವಿಷಯ ಗೊತ್ತಿರೋ ಒಬ್ಬರನ್ನ ಕರೆಸಿ ಅಂಕಿಅಂಶ ಸಮೇತ ಉಪನ್ಯಾಸ ಕೊಡಿಸೋದು. ಸರಿಯಾದ ಮಾಹಿತಿ ಸಿಕ್ಕಿದ್ರೆ ಸಮಾಧಾನ ಆಗುತ್ತೆ ಅನ್ನೋ ಲೆಕ್ಕ. ನಾನು ಬೇಡ ಅಂದೆ, ಆದ್ರೂ ಮಾಡಿದ್ರು, ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗಾಯ್ತು. ಸ್ಲೈಡ್ ಮೇಲೆ ಸ್ಲೈಡ್, ಟೀಚರ್ ನೋಟ್‌ಬುಕ್ ತುಂಬಿಹೋಯ್ತು, ಉಳಿದವರ ಮುಖದಲ್ಲಿ ಸೋತ ಕಳೆ.

ಈ ವಿಷಯದಲ್ಲಿ ನಾನು ಯಾವಾಗ್ಲೂ ಹೇಳೋ ಒಂದು ಹಳೇ ಉದಾಹರಣೆ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ತನ್ನ ಹೊಸ ಸೈನಿಕರಿಗೆ ತೋರಿಸೋಕೆ ಅಂತ ಹಾಲಿವುಡ್ ನಿರ್ದೇಶಕ ಫ್ರಾಂಕ್ ಕಾಪ್ರಾ ಕೈಲಿ 'ವೈ ವಿ ಫೈಟ್' ಅನ್ನೋ ಡಾಕ್ಯುಮೆಂಟರಿ ಸರಣಿ ಮಾಡಿಸಿತು, ಮೊದಲನೇದು ಬಂದಿದ್ದು 1942ರಲ್ಲಿ. ಯುದ್ಧ ಬೇಡ ಅನ್ನೋ ಚಿತ್ರಗಳಲ್ಲ, ಯುದ್ಧ ಯಾಕೆ ಬೇಕು ಅಂತ ಒಪ್ಪಿಸೋ ಚಿತ್ರಗಳು. ಮನಶ್ಶಾಸ್ತ್ರಜ್ಞ ಕಾರ್ಲ್ ಹಾವ್‌ಲೆಂಡ್ ಮತ್ತೆ ಅವರ ಜೊತೆಗಾರರು ಆ ಚಿತ್ರ ನೋಡಿದ ಸೈನಿಕರನ್ನೂ ನೋಡದೇ ಇರೋರನ್ನೂ ಹೋಲಿಸಿ ಅಳೆದ್ರು, 1949ರಲ್ಲಿ ಅದು ಪುಸ್ತಕವಾಗಿ ಬಂತು. ಸಿಕ್ಕಿದ್ದೇನಂದ್ರೆ, ಚಿತ್ರ ನೋಡಿದವರಿಗೆ ವಿಷಯ ಚೆನ್ನಾಗಿ ಗೊತ್ತಾಗಿತ್ತು, ಚಿತ್ರದಲ್ಲಿ ನೇರವಾಗಿ ಹೇಳಿದ ಕೆಲವು ವಿಷಯಗಳ ಬಗ್ಗೆ ಅಭಿಪ್ರಾಯವೂ ಬದಲಾಗಿತ್ತು, ಆದ್ರೆ ಯುದ್ಧಕ್ಕೆ ಹೋಗೋ ಹುಮ್ಮಸ್ಸು ಮಾತ್ರ ಜಾಸ್ತಿಯಾಗಿರ್ಲಿಲ್ಲ, ಚಿತ್ರ ಮಾಡಿಸಿದ್ದೇ ಅದಕ್ಕೆ! ಇನ್ನೊಂದು ಕುತೂಹಲದ ವಿಷಯ, ಕೆಲವು ಅಭಿಪ್ರಾಯಗಳು ಐದು ದಿನಕ್ಕಿಂತ ಒಂಬತ್ತು ವಾರ ಆದಮೇಲೆ ಹೆಚ್ಚು ಬದಲಾಗಿದ್ವು, ವಿವರಗಳು ಮರೆತು ಹೋಗ್ತಿದ್ರೂನೂ. ಅಂದ್ರೆ ಚಿತ್ರ ಮುಗಿದ ದಿನ ಜನ ಹೇಗಿದಾರೆ ಅಂತ ನೋಡಿ ಲೆಕ್ಕ ಹಾಕೋದು ಬರೀ ಅರ್ಧ ಲೆಕ್ಕ. ಟೀಚರ್ ವಿಷಯದಲ್ಲೂ ಅದೇ ಆಗಿದ್ದು, ಯಾವ ಡೀಲ್ ಯಾವ ವರ್ಷದ್ದು ಅಂತ ಕೇಳಿದ್ರೆ ಅವರಿಗೆ ನೆನಪಿಲ್ಲ, ಆದ್ರೆ ಎಲ್ಲರೂ ಕಳ್ಳರೇ ಅನ್ನೋದು ಗಟ್ಟಿಯಾಗಿ ಕೂತಿತ್ತು.

ಮೂರನೇದು, ಸ್ವಲ್ಪ ದಿನ ನೋಡೋದು ನಿಲ್ಲಿಸಿ ಅಂತ ಗುಂಪಿನವರೊಬ್ಬರು ಪ್ರೀತಿಯಿಂದಲೇ ಹೇಳಿದ್ರು. "ಕಣ್ಣು ಮುಚ್ಕೊಂಡಿರಿ ಅಂತೀರಾ? ಅಲ್ಲಿ ಜನ ಸಾಯ್ತಿದಾರೆ, ನನಗೆ ನಿದ್ದೆ ಮುಖ್ಯಾನಾ?" ಅಂತ ಟೀಚರ್ ಸಿಡಿದ್ರು. ನೋಡೋದೇ ಒಂದು ಕರ್ತವ್ಯ, ನೋಡದೇ ಇರೋದು ದ್ರೋಹ ಅನ್ನೋ ಭಾವನೆ ಅವರಲ್ಲಿ ಬೇರೂರಿತ್ತು, ಇದು ಈ ಥರದ ಚಿತ್ರ ನೋಡೋ ಬಹಳ ಜನರಲ್ಲಿ ನಾನು ಕಂಡಿರೋದು, ನೋಡಿದ್ರೆ ಏನೋ ಮಾಡಿದ ಹಾಗೆ ಅನ್ನಿಸುತ್ತೆ. ಅದೇ ಹೊತ್ತಲ್ಲಿ ಅವರು ತಿಂಗಳು ತಿಂಗಳು ಕಳಿಸ್ತಿದ್ದ ಹಣ ನಿಲ್ಲಿಸಿದ್ರು, ಆ ಸಂಸ್ಥೆಗಳೂ ಅದೇ ಸಿಸ್ಟಮ್ಮಿನ ಭಾಗ, ಕೊಟ್ಟು ಏನು ಪ್ರಯೋಜನ ಅಂತ. ನನ್ನ ಕಿವಿ ನಿಮಿರಿದ್ದು ಇಲ್ಲಿ. ಮನಶ್ಶಾಸ್ತ್ರಜ್ಞ ಪಾಲ್ ಸ್ಲೊವಿಕ್ ಮತ್ತೆ ಜೊತೆಗಾರರು 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಹಸಿದ ಒಂದೇ ಒಂದು ಮಗುವಿನ ಬಗ್ಗೆ ಹೇಳಿ ದಾನ ಕೇಳಿದಾಗ ಜನ ಹೆಚ್ಚು ಕೊಟ್ಟಿದ್ರು, ಅದೇ ಮಗುವಿನ ಜೊತೆ ಲಕ್ಷಾಂತರ ಜನರ ಅಂಕಿಅಂಶ ಸೇರಿಸಿದಾಗ ಕೊಡೋದು ಕಮ್ಮಿಯಾಗಿತ್ತು. ಸಂಖ್ಯೆ ದೊಡ್ಡದಾದಷ್ಟೂ ನನ್ನಿಂದ ಏನಾಗುತ್ತೆ ಅಂತ ಮನಸ್ಸು ಕೈ ಚೆಲ್ಲುತ್ತೆ. ಟೀಚರ್ ಎದೆ ಕಲ್ಲಾಗಿದೆ ಅಂತ ಗುಂಪಲ್ಲಿ ಒಬ್ಬರು ಅಂದಿದ್ರು, ನನಗೆ ಹಾಗನ್ನಿಸ್ಲಿಲ್ಲ.

ಟೀಚರ್ ಒಬ್ಬ ಕೌನ್ಸೆಲರ್ ಹತ್ರ ಹೋಗೋಕೆ ಒಪ್ಪಿದ್ದು ನಾವ್ಯಾರೋ ಹೇಳಿದ್ದಕ್ಕಲ್ಲ. ಕ್ಲಾಸಲ್ಲಿ ಒಬ್ಬ ಹುಡುಗಿ "ಮಿಸ್, ಈ ಯುದ್ಧ ಯಾವಾಗ ನಿಲ್ಲುತ್ತೆ?" ಅಂತ ಕೇಳಿದಾಗ "ನಿಲ್ಲಲ್ಲ, ಎಲ್ಲಾ ದುಡ್ಡಿನ ಆಟ, ನೀನು ತಲೆ ಕೆಡಿಸ್ಕೋಬೇಡ, ಪುಸ್ತಕ ತೆಗಿ" ಅಂದುಬಿಟ್ಟಿದ್ರು. ಹೇಳಿದಮೇಲೆ ತಾವೇ ತಬ್ಬಿಬ್ಬಾಗಿದ್ದಾರೆ. ಆ ಹುಡುಗಿ ಮುಖ ನೋಡಿದ್ಮೇಲೆ ಏನೋ ಸರಿಯಿಲ್ಲ ಅನ್ನಿಸಿತು ಅಂತ ನನ್ನ ಹತ್ರ ಹೇಳಿದ್ರು.

ಕೌನ್ಸೆಲರ್ ಹತ್ರ ಹೋಗುವಾಗ ನನಗೆ ಪಿಟಿಎಸ್‌ಡಿ (ದೊಡ್ಡ ಆಘಾತ ಆದಮೇಲೆ ಉಳಿಯೋ ಮಾನಸಿಕ ಕಾಯಿಲೆ) ಆಗಿದೆ ಅಂತ ಟೀಚರ್ ತಾವೇ ಡಯಾಗ್ನೋಸ್ ಮಾಡ್ಕೊಂಡು ಹೋಗಿದ್ರು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ, ಮಾನಸಿಕ ಕಾಯಿಲೆ ಗುರುತಿಸೋ ಕೈಪಿಡಿ ಡಿಎಸ್‌ಎಂ-5 ಪ್ರಕಾರ ಟಿವಿ, ಸಿನಿಮಾ, ಇಂಟರ್ನೆಟ್ಟಲ್ಲಿ ನೋಡಿದ್ದಕ್ಕೆ ಆ ಹೆಸರು ಕೊಡಲ್ಲ, ನೋಡೋದೇ ಕೆಲಸದ ಭಾಗ ಆಗಿರೋರನ್ನ ಬಿಟ್ಟು. ಹಾಗಂತ ಕಷ್ಟ ಸುಳ್ಳಲ್ಲ. 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ದಾಳಿ ಆದಮೇಲೆ ಸಂಶೋಧಕರು ಸಾವಿರಾರು ಜನರನ್ನ ಕೇಳಿ ನೋಡಿದಾಗ, ಆ ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಅದರ ಸುದ್ದಿ ನೋಡಿದವರಲ್ಲಿ ತೀವ್ರ ಒತ್ತಡದ ಲಕ್ಷಣಗಳು ಸ್ಥಳದಲ್ಲೇ ಇದ್ದವರಿಗಿಂತ ಜಾಸ್ತಿ ಇತ್ತು. ಕೌನ್ಸೆಲರ್ ಎರಡನ್ನೂ ಹೇಳಿದ್ರಂತೆ. ರಾತ್ರಿ ನೋಡೋದು ಬೇಡ, ಮಂಚದ ಮೇಲೆ ಬೇಡ, ನೋಡಲೇಬೇಕಂದ್ರೆ ಹಗಲು, ಕುರ್ಚಿ ಮೇಲೆ ಕೂತು, ಒಂದೇ ಒಂದು. ಇಷ್ಟಕ್ಕೇ ನಿದ್ದೆ ಅರ್ಧ ಸರಿಹೋಯ್ತು.

ಕೌನ್ಸೆಲರ್ ಕೇಳಿದ ಇನ್ನೊಂದು ಪ್ರಶ್ನೆ ನನಗೆ ಬಹಳ ಕೆಲಸಕ್ಕೆ ಬಂತು. ಕಣ್ಣು ಮುಚ್ಚಿದ್ರೆ ಯಾವ ಚಿತ್ರ ಬರುತ್ತೆ? ಸತ್ತ ಮಕ್ಕಳು, ಬಿದ್ದ ಕಟ್ಟಡ ಅಂತ ನಾವೆಲ್ಲ ಅಂದ್ಕೊಂಡಿದ್ವಿ. ಟೀಚರ್‌ಗೆ ಬರ್ತಿದ್ದಿದ್ದು ಶಸ್ತ್ರಾಸ್ತ್ರ ಪ್ರದರ್ಶನದ ಒಂದು ಶಾಟ್. ಒಬ್ಬ ಸೇಲ್ಸ್‌ಮನ್ ಜೇಬಿಂದ ಸಣ್ಣ ಬಟ್ಟೆ ತೆಗೆದು ಕ್ಷಿಪಣಿ ಮೇಲೆ ಯಾರೋ ಮುಟ್ಟಿ ಬಿದ್ದಿದ್ದ ಬೆರಳಚ್ಚನ್ನ ಮೆಲ್ಲಗೆ ಒರೆಸ್ತಾನೆ, ಬಟ್ಟೆ ಮಡಚಿ ಮತ್ತೆ ಜೇಬಿಗೆ ಇಟ್ಕೋತಾನೆ, ಮುಂದಿನ ಗಿರಾಕಿ ಕಡೆ ನೋಡಿ ನಗ್ತಾನೆ. ಚಿತ್ರದಲ್ಲಿ ಅದಾದ ತಕ್ಷಣ ಕಟ್, ಸ್ಫೋಟ. ನಾನು ಆ ಭಾಗನ ಮತ್ತೆ ಮತ್ತೆ ಹಾಕಿ ನೋಡಿದೆ. ಆ ಪ್ರದರ್ಶನ ಎಲ್ಲಿ ಯಾವಾಗ ನಡೆದಿದ್ದು, ಆ ಸ್ಫೋಟ ಎಲ್ಲಿಯದ್ದು, ಆ ಕ್ಷಿಪಣಿಗೂ ಅದಕ್ಕೂ ಸಂಬಂಧ ಇದೆಯಾ, ಚಿತ್ರ ಹೇಳಲ್ಲ. ಎರಡು ಶಾಟ್ ಪಕ್ಕಪಕ್ಕ ಬಂದ್ರೆ ಸಾಕು, ಕಾರಣ ಪರಿಣಾಮದ ಲೆಕ್ಕ ನೋಡೋರ ತಲೇನೇ ಮಾಡ್ಕೊಳ್ಳುತ್ತೆ. ಇದು ಮೋಸ ಅಂತ ನಾನು ಹೇಳ್ತಿಲ್ಲ, ಎಡಿಟಿಂಗ್ ಇರೋದೇ ಹಾಗೆ. ಆದ್ರೆ ಒರೆಸೋ ಬಟ್ಟೆ ಮತ್ತೆ ಸ್ಫೋಟದ ಮಧ್ಯೆ ಇರೋದೇನು, ಒಪ್ಪಂದ, ಎಕ್ಸ್‌ಪೋರ್ಟ್ ಲೈಸೆನ್ಸ್, ಸಾಲ, ಸಹಿ, ಹಡಗು, ಅದನ್ನ ಲೋಡ್ ಮಾಡೋರು, ಅದೆಲ್ಲಾ ಆ ಕಟ್ಟಿನಲ್ಲಿ ಬಿದ್ದುಹೋಗುತ್ತೆ. ಬಿದ್ದುಹೋಗೋದು ಏನಂದ್ರೆ ಬೇಡ ಅನ್ನೋ ಅವಕಾಶ ಇದ್ದ ಜಾಗಗಳೇ.

ತಿರುವು

ಅಲ್ಲಿಂದ ಹೊಸ ಚಿತ್ರ ತೋರಿಸೋದು ನಿಲ್ಲಿಸಿ ನೋಡಿದ್ದರಲ್ಲೇ ಒಂದು ವಿಷಯ ಹಿಡ್ಕೊಂಡು ಅಗೆಯೋಣ ಅಂತ ಗುಂಪಿಗೆ ಹೇಳಿದೆ. ಪ್ರಶ್ನೆ ಒಂದೇ, ಇದರಲ್ಲಿ ಯಾರು, ಯಾವ ಹಂತದಲ್ಲಿ ಆಗಲ್ಲ ಅನ್ನಬಹುದಿತ್ತು, ಯಾರಾದ್ರೂ ಅಂದ್ರಾ? ನಡೆಸೋರಲ್ಲಿ ಒಬ್ಬರಿಗೆ ಇದು ಇಷ್ಟ ಆಗ್ಲಿಲ್ಲ, ಸಿನಿಮಾ ಗುಂಪು ಟ್ಯೂಷನ್ ಆಗೋಗುತ್ತೆ ಅಂದ್ರು. ಅವರ ಮಾತಲ್ಲೂ ಸ್ವಲ್ಪ ನಿಜ ಇತ್ತು, ಒಬ್ಬರು ಇದೇ ಕಾರಣಕ್ಕೆ ಬಿಟ್ಟೂ ಹೋದ್ರು.

ಸಣ್ಣದರಿಂದ ಶುರು ಮಾಡಿದ್ವಿ. ಪ್ರಪಂಚದಲ್ಲಿ ವರ್ಷಕ್ಕೆ 2.4 ಲಕ್ಷ ಕೋಟಿ ಡಾಲರ್ ಆಯುಧ ಮಾರಾಟ ಆಗುತ್ತೆ ಅಂತ ಟೀಚರ್ ಎಲ್ಲ ಕಡೆ ಹೇಳ್ತಿದ್ರು. ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿಯ ಲೆಕ್ಕ ತೆಗೆದು ನೋಡಿದ್ರೆ, 2023ರಲ್ಲಿ ಎಲ್ಲಾ ದೇಶಗಳ ಒಟ್ಟು ಮಿಲಿಟರಿ ಖರ್ಚು ಸುಮಾರು 2.44 ಲಕ್ಷ ಕೋಟಿ ಡಾಲರ್, ಅದರಲ್ಲಿ ಸೈನಿಕರ ಸಂಬಳ, ಪೆನ್ಷನ್, ಇಂಧನ ಎಲ್ಲಾ ಸೇರುತ್ತೆ. ಅದೇ ವರ್ಷ ಪ್ರಪಂಚದ ದೊಡ್ಡ 100 ಶಸ್ತ್ರಾಸ್ತ್ರ ಕಂಪನಿಗಳ ಆಯುಧ ಆದಾಯ 63,200 ಕೋಟಿ ಡಾಲರ್, ಅಂದ್ರೆ ಕಾಲು ಭಾಗದ ಆಸುಪಾಸು. ಎರಡೂ ಭಯಂಕರ ಮೊತ್ತಗಳೇ. ಆದ್ರೆ ಎರಡೂ ಒಂದೇ ಅಲ್ಲ, ಒಂದನ್ನ ತಡೀಬೇಕಂದ್ರೆ ಬಜೆಟ್ ಕೇಳ್ಬೇಕು, ಇನ್ನೊಂದನ್ನ ತಡೀಬೇಕಂದ್ರೆ ಲೈಸೆನ್ಸು, ಆರ್ಡರ್ ಬುಕ್ಕು ಕೇಳ್ಬೇಕು. ಟೀಚರ್ ಬಹಳ ಹೊತ್ತು ಅದನ್ನೇ ನೋಡ್ತಾ ಕೂತಿದ್ರು.

ಇಂಥ ಚಿತ್ರಗಳಲ್ಲಿ ಪದೇಪದೇ ಬರೋ ಇನ್ನೊಂದು ಕ್ಲಿಪ್ ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ 1961ರ ಜನವರಿ 17ರಂದು ಮಾಡಿದ ವಿದಾಯ ಭಾಷಣದ್ದು, ಸೈನ್ಯ ಮತ್ತೆ ಉದ್ಯಮ ಒಂದಾಗಿ ಬೆಳೆಸ್ಕೊಳ್ಳೋ ಪ್ರಭಾವದ ಬಗ್ಗೆ ಎಚ್ಚರ ಅಂತ ಹೇಳಿದ್ದು. ಇಡೀ ಭಾಷಣ ಓದಿದ್ವಿ. ಇಷ್ಟು ದೊಡ್ಡ ಆಯುಧ ಉದ್ಯಮ ನಮಗೆ ಅನಿವಾರ್ಯವಾಗಿದೆ ಅಂತಲೂ ಅವರೇ ಹೇಳ್ತಾರೆ, ಅದನ್ನ ಹದ್ದುಬಸ್ತಲ್ಲಿ ಇಡೋಕಾಗೋದು ಎಚ್ಚರವಾಗಿರೋ, ತಿಳುವಳಿಕೆ ಇರೋ ನಾಗರಿಕರಿಂದ ಮಾತ್ರ ಅಂತಲೂ ಅದೇ ಭಾಷಣದಲ್ಲಿದೆ. ಕ್ಲಿಪ್‌ಗಳಲ್ಲಿ ಈ ಎರಡೂ ಸಾಲು ಸಿಗೋದು ಅಪರೂಪ. ಅಂದ್ರೆ ಸಿನಿಮಾದವರು ಉದ್ಯಮದ ಪರ ಇದ್ದಿದ್ದನ್ನೂ ಕತ್ತರಿಸಿದ್ರು, ನೋಡೋರ ಪಾಲಿನ ಕೆಲಸವನ್ನೂ ಕತ್ತರಿಸಿದ್ರು.

ಅಗೆಯೋಕೆ ಒಂದು ಪೂರ್ತಿ ಡೀಲ್ ಬೇಕಿತ್ತು. ಆಫ್ರಿಕಾದ ತಾಂಜಾನಿಯಾದ ರೇಡಾರ್ ಡೀಲ್ ಆಯ್ಕೆ ಮಾಡಿದ್ವಿ, ದಾಖಲೆ ಚೆನ್ನಾಗಿ ಸಿಗುತ್ತೆ, ಆರಂಭ ಇದೆ, ಒಂದು ಥರದ ಕೊನೇನೂ ಇದೆ. ಆ ಬಡ ದೇಶಕ್ಕೆ ಬ್ರಿಟನ್ನಿನ ಶಸ್ತ್ರಾಸ್ತ್ರ ಕಂಪನಿ ಬಿಎಇ ಸಿಸ್ಟಮ್ಸ್ ಸುಮಾರು 2.8 ಕೋಟಿ ಪೌಂಡಿನ ಮಿಲಿಟರಿ ಥರದ ಏರ್ ಟ್ರಾಫಿಕ್ ರೇಡಾರ್ ಮಾರ್ತು, ಬ್ರಿಟನ್ ಸರ್ಕಾರ 2001ರಲ್ಲಿ ಎಕ್ಸ್‌ಪೋರ್ಟ್ ಲೈಸೆನ್ಸ್ ಕೊಡ್ತು. ಇದು ಬೇಡ ಅಂತ ಅದೇ ಸರ್ಕಾರದ ಒಳಗೇ ಜಗಳ ಆಡಿದ್ದು ಅಂತರರಾಷ್ಟ್ರೀಯ ಅಭಿವೃದ್ಧಿ ಸಚಿವೆ ಕ್ಲೇರ್ ಶಾರ್ಟ್, ಸೋತ್ರು. ಆಮೇಲೆ ಲಂಚದ ಅನುಮಾನದ ಮೇಲೆ ಪತ್ರಕರ್ತರು ಬೆನ್ನು ಬಿದ್ರು, ತನಿಖೆ ಆಯ್ತು, 2010ರಲ್ಲಿ ಕೋರ್ಟಲ್ಲಿ ಕಂಪನಿ ಈ ವ್ಯವಹಾರದ ಲೆಕ್ಕಪತ್ರ ಸರಿಯಾಗಿ ಇಟ್ಟಿರ್ಲಿಲ್ಲ ಅನ್ನೋ ತಪ್ಪು ಒಪ್ಕೊಂಡಿತು, 5 ಲಕ್ಷ ಪೌಂಡ್ ದಂಡ ಬಿತ್ತು, 2.95 ಕೋಟಿ ಪೌಂಡ್ ತಾಂಜಾನಿಯಾದ ಜನರಿಗೆ ಅಂತ ಹೋಯ್ತು. ಅದರಲ್ಲಿ ಶಾಲೆಗಳಿಗೆ ಪುಸ್ತಕ, ಡೆಸ್ಕು ತಗೊಂಡ್ರು. ಈ ಹುಡುಕಾಟ ಪೂರ್ತಿ ಟೀಚರ್ ಮಾಡಿದ್ದು, ಹಗಲು ಹೊತ್ತಲ್ಲಿ, ಕುರ್ಚಿ ಮೇಲೆ ಕೂತು.

ಡೆಸ್ಕು ಅಂತ ಓದಿದಾಗ ಅವರು ನಿಲ್ಲಿಸಿದ್ರು. ಶಾಲೆಯವರಲ್ವಾ. ಇದನ್ನ ಗೆಲುವು ಅನ್ನೋದಾ ಅಂತ ಆಮೇಲೆ ಗುಂಪಲ್ಲಿ ದೊಡ್ಡ ಜಗಳಾನೇ ಆಯ್ತು. ಕಂಪನಿ ಒಪ್ಕೊಂಡಿದ್ದು ಲಂಚ ಅಲ್ಲ, ಲೆಕ್ಕದ ತಪ್ಪು, ಆ ಕೋರ್ಟಲ್ಲಿ ಯಾವ ವ್ಯಕ್ತಿಗೂ ಶಿಕ್ಷೆ ಆಗ್ಲಿಲ್ಲ, ಇದು ನ್ಯಾಯಾನಾ ಅಂತ ಕೆಲವರು. ಬೇಡ ಅಂದವರು ಇಷ್ಟು ಜನ ಇಲ್ದಿದ್ರೆ ಅದೂ ಆಗ್ತಿರ್ಲಿಲ್ಲ ಅಂತ ಕೆಲವರು. ತೀರ್ಮಾನ ಆಗ್ಲಿಲ್ಲ. ಆದ್ರೆ ಎರಡನೇ ಚಿತ್ರದ ದಿನದ ಗಲಾಟೆಗೂ ಇದಕ್ಕೂ ಇದ್ದ ವ್ಯತ್ಯಾಸ ಕೂತಿದ್ದವರಿಗೆಲ್ಲ ಗೊತ್ತಾಗ್ತಿತ್ತು. ಆವತ್ತು ಎಲ್ಲರೂ ಒಂದೇ ಮಾತು ಬೇರೆ ಬೇರೆ ಜೋರಲ್ಲಿ ಹೇಳ್ತಿದ್ರು, ಇವತ್ತು ಬೇರೆ ಬೇರೆ ಮಾತು ಹೇಳ್ತಿದ್ರು.

ಕ್ಯೂಸಿ ಸರ್ ಬಂದಿದ್ದು

ಮತ್ತೆ ಚಿತ್ರ ತೋರಿಸೋ ಹೊತ್ತು ಬಂದಾಗ ನಾನು ಒಂದನ್ನೇ ಸೂಚಿಸಿದೆ, ಸ್ಕಾಟ್ಲೆಂಡಿನ ಈಸ್ಟ್ ಕಿಲ್‌ಬ್ರೈಡ್‌ನ ಕಾರ್ಮಿಕರ ಬಗ್ಗೆ 2018ರಲ್ಲಿ ಬಂದಿದ್ದು. 1973ರ ಸೆಪ್ಟೆಂಬರ್ 11ರಂದು ಚಿಲಿಯಲ್ಲಿ ಸೈನ್ಯ ದಂಗೆ ಎದ್ದಾಗ ಹಾಕರ್ ಹಂಟರ್ ವಿಮಾನಗಳು ಸ್ಯಾಂಟಿಯಾಗೋದ ಅಧ್ಯಕ್ಷರ ಅರಮನೆ ಮೇಲೆ ರಾಕೆಟ್ ಹಾಕಿದ್ವು. ಮುಂದಿನ ವರ್ಷ ಅದೇ ಥರದ ವಿಮಾನಗಳ ಇಂಜಿನ್‌ಗಳು ಓವರ್‌ಹಾಲ್‌ಗೆ ಅಂತ ಈಸ್ಟ್ ಕಿಲ್‌ಬ್ರೈಡ್‌ನ ರೋಲ್ಸ್ ರಾಯ್ಸ್ ಕಾರ್ಖಾನೆಯಲ್ಲಿದ್ವು. ಅಲ್ಲಿ ಇನ್‌ಸ್ಪೆಕ್ಟರ್ ಆಗಿದ್ದ ಬಾಬ್ ಫುಲ್ಟನ್ ಇವನ್ನ ನಾನು ಮುಟ್ಟಲ್ಲ ಅಂದ್ರು, ಜೊತೆಗಾರರು ಸೇರಿಕೊಂಡ್ರು, ಇಂಜಿನ್‌ಗಳು ಹೊರಗಡೆ ಮಳೆಗಾಳಿಯಲ್ಲಿ ನಾಲ್ಕು ವರ್ಷ ಬಿದ್ದಿದ್ವು, ಕೊನೆಗೆ 1978ರಲ್ಲಿ ಒಂದು ರಾತ್ರಿ ಲಾರಿಗಳಲ್ಲಿ ತುಂಬ್ಕೊಂಡು ಹೋದ್ರು.

ಅದರಲ್ಲಿ ಬರೋರು ಇನ್‌ಸ್ಪೆಕ್ಟರ್ ಅಂತ ಯಾರೋ ಕ್ಯೂಸಿ ಸರ್‌ಗೆ ಹೇಳಿದ್ರು, ಅವರು ಬಂದ್ರು. ಹಿಂದಿನ ಸಾಲಲ್ಲಿ ಕೂತ್ರು. ಮುಗಿದಮೇಲೆ ಯಾರೂ ಕೇಳದೇನೇ ಮಾತಾಡಿದ್ರು, ಅದೂ ಇಂಜಿನ್ ಬಗ್ಗೆ. ಇಂಜಿನ್ ಬಿಚ್ಚದೆ ಹೊರಗಿಟ್ರೆ ಏನಾಗುತ್ತೆ ಗೊತ್ತಾ, ತೇವ ಒಳಗಿಳಿಯುತ್ತೆ, ಬೇರಿಂಗ್‌ಗೆ ತುಕ್ಕು ಹಿಡಿಯುತ್ತೆ, ಕಣ್ಣಿಗೆ ಕಾಣಲ್ಲ, ಕೈಯಲ್ಲಿ ತಿರುಗಿಸಿದ್ರೆ ಸಣ್ಣಗೆ ಗರಗರ ಅನ್ನುತ್ತೆ ಅಷ್ಟೇ, ಅಂಥ ಬೇರಿಂಗ್‌ನ ಯಾವ ಇನ್‌ಸ್ಪೆಕ್ಟರೂ ಪಾಸ್ ಮಾಡಲ್ಲ. ಆ ಮನುಷ್ಯನಿಗೆ ಅದು ಗೊತ್ತಿತ್ತು, ಘೋಷಣೆ ಕೂಗೋ ಅವಶ್ಯಕತೆ ಇರ್ಲಿಲ್ಲ, ಸುಮ್ನೆ ಬಿಟ್ರೆ ಸಾಕಿತ್ತು ಅಂದ್ರು. ಅದನ್ನ ಹೇಳುವಾಗ ಹೆಬ್ಬೆರಳು ತೋರುಬೆರಳ ಮಧ್ಯೆ ಬೇರಿಂಗ್ ಹಿಡ್ಕೊಂಡಿರೋ ಹಾಗೆ ಕೈ ತಿರುಗಿಸ್ತಿದ್ರು.

ಟೀಚರ್ ಕೇಳಿದ್ರು, "ಸರ್, ನೀವು ಪಾಸ್ ಮಾಡೋದು ಯಾವುದಕ್ಕೆ ಹೋಗುತ್ತೆ ಅಂತ ನಿಮಗೆ ಗೊತ್ತಿರುತ್ತಾ?"

"ನೋಡಮ್ಮ, ಡ್ರಾಯಿಂಗ್ ಮೇಲೆ ಪಾರ್ಟ್ ನಂಬರ್ ಇರುತ್ತೆ, ಟಾಲರೆನ್ಸ್ ಇರುತ್ತೆ, ಮೆಟೀರಿಯಲ್ ಇರುತ್ತೆ. ಎಲ್ಲಿಗೆ ಅಂತ ಬರೆದಿರಲ್ಲ. ಅದೇ ಪೀಸ್ ಆಂಬುಲೆನ್ಸ್ ಹೆಲಿಕಾಪ್ಟರ್‌ಗೂ ಹೋಗಬಹುದು, ಇನ್ನೊಂದಕ್ಕೂ ಹೋಗಬಹುದು. ಗೊತ್ತಿಲ್ಲ ಅಂತಾನೂ ಹೇಳಲ್ಲ ನಾನು, ಅಂದಾಜಿರುತ್ತೆ. ಅವರಿಗೆ ಯೂನಿಯನ್ ಇತ್ತು. ನನಗೆ ಮನೆ ಸಾಲ ಇದೆ."

ಟೀಚರ್ ಹ್ಞೂಂ ಅಂದ್ರು. ಕ್ಷಮೆ ಗಿಮೆ ಏನೂ ಕೇಳ್ಲಿಲ್ಲ, ಅವರೂ ನಿರೀಕ್ಷೆ ಮಾಡಿದ ಹಾಗಿರ್ಲಿಲ್ಲ. ಆದ್ರೆ ಟೀಚರ್ ಆಮೇಲೆ ನನಗೆ ಹೇಳಿದ್ದು, ಅಷ್ಟೂ ಡಾಕ್ಯುಮೆಂಟರಿಗಳಲ್ಲಿ ನಾನು ಕಾರ್ಖಾನೆ ಒಳಗಿನ ಒಬ್ಬ ಮನುಷ್ಯನ ಮಾತು ಕೇಳೇ ಇರ್ಲಿಲ್ಲ, ಒಂದೋ ಮಂತ್ರಿ ಇಲ್ಲಾ ದಲ್ಲಾಳಿ ಇಲ್ಲಾ ಹೆಣ.

ಆಮೇಲೆ

ಎಲ್ಲಾ ಸರಿಹೋಯ್ತು ಅಂತ ಬರೆಯೋ ಹಾಗಿಲ್ಲ. ಟೀಚರ್ ನಿದ್ದೆ ಸರಿಯಾಗಿದೆ, ರಾತ್ರಿ ಲಿಂಕ್‌ಗಳು ನಿಂತಿವೆ, ನಿಲ್ಲಿಸಿದ್ದ ಹಣ ಮತ್ತೆ ಕಳಿಸ್ತಿದಾರೆ, ಈ ಸಲ ನೆಲಬಾಂಬ್ ತೆಗೆಯೋ ಕೆಲಸಕ್ಕೆ. 1997ರ ನೆಲಬಾಂಬ್ ನಿಷೇಧ ಒಪ್ಪಂದ ಓದಿದ ಮೇಲೆ ಮಾಡಿದ ಆಯ್ಕೆ ಅದು, ಒಂದು ಆಯುಧವನ್ನ ಬೇಡ ಅಂತ ಪ್ರಪಂಚದ ಬಹುಪಾಲು ದೇಶಗಳು ಸಹಿ ಹಾಕಿದ್ದು ನಿಜಾನಾ ಅಂತ ಅವರಿಗೆ ಆಶ್ಚರ್ಯ ಆಗಿತ್ತು. 2025ರಲ್ಲಿ ಫಿನ್‌ಲೆಂಡ್, ಪೋಲೆಂಡ್ ಮತ್ತೆ ಮೂರು ಬಾಲ್ಟಿಕ್ ದೇಶಗಳು ಅದರಿಂದ ಹೊರಗೆ ಹೋಗೋಕೆ ನೋಟಿಸ್ ಕೊಟ್ಟ ಸುದ್ದಿ ಬಂದಾಗ ನನಗೆ ಸ್ವಲ್ಪ ದಿಗಿಲಾಯ್ತು, ಮತ್ತೆ ಎಲ್ಲಾ ಕಳ್ಳರೇ ಶುರುವಾಗುತ್ತೇನೋ ಅಂತ. ಅವರು ಸಿಟ್ಟಾಗಿದ್ರು, ಯಾವ ದೇಶ ಏನು ಕಾರಣ ಕೊಟ್ಟಿದೆ ಅಂತ ಬರೆದಿಟ್ಕೊಂಡಿದ್ರು. ಸಿಟ್ಟು ಇರ್ಲಿ ಬಿಡಿ, ಇರ್ಬೇಕು.

ಕ್ಯೂಸಿ ಸರ್ ಮತ್ತೆ ಗುಂಪಿಗೆ ಬರ್ಲಿಲ್ಲ. ಕಾರ್ಖಾನೆಯಲ್ಲಿ ಏನಾದ್ರೂ ಕೇಳಿದ್ರಾ ಅಂತ ಕೆಲವರಿಗೆ ಕುತೂಹಲ, ಅವರು ಕೇಳಿಲ್ಲ. ಕೇಳ್ಬೇಕಿತ್ತು ಅಂತ ಗುಂಪಲ್ಲಿ ಇಬ್ಬರು ವಾದ ಮಾಡಿದ್ರು, ನಾನು ಒಪ್ಪಲ್ಲ. ಸಾಲ ಕಟ್ತಿರೋ ಮನುಷ್ಯನ ಧೈರ್ಯನ ಸಿನಿಮಾ ನೋಡಿ ಮನೆಗೆ ಹೋಗೋರು ಅಳೀಬಾರದು. ಮೊದಲನೇ ಚಿತ್ರ ಆದಮೇಲೆ ಸದ್ದಿಲ್ಲದೆ ಬಿಟ್ಟುಹೋದ ಒಬ್ಬ ಹುಡುಗ ಇದ್ದ, ಅವನ ಅಣ್ಣ ಸೈನ್ಯದಲ್ಲಿದಾನೆ. ಚಿತ್ರದಿಂದ ಅವನಿಗೆ ತೊಂದರೆ ಆಗಿರ್ಲಿಲ್ಲ, ಪಕ್ಕದಲ್ಲಿ ಯಾರೋ ಸಮವಸ್ತ್ರ ಹಾಕಿದವರೆಲ್ಲ ಒಂದೇ ಅಂದಿದ್ದು ಕೇಳಿಸಿತ್ತು ಅಷ್ಟೇ. ಅವನನ್ನ ವಾಪಸ್ ಕರೆಯೋ ಪ್ರಯತ್ನ ಫಲ ಕೊಡ್ಲಿಲ್ಲ.

ಈಗ ಹೊಸಬರು ಕೆಲವರು ಸೇರಿದಾರೆ, ಅವರಿಗೆ ಆ ಮುತ್ತಿಗೆಯ ಚಿತ್ರನೇ ಮತ್ತೆ ತೋರಿಸೋಣ ಅಂತ ನಡೆಸೋರ ಆಸೆ, ಅದರಷ್ಟು ತಟ್ಟೋ ಚಿತ್ರ ಇನ್ನೊಂದಿಲ್ಲ ಅಂತ. ಟೀಚರ್ ಬೇಡ ಅಂತ ಹೇಳ್ತಿಲ್ಲ, ಬೆಳಿಗ್ಗೆ ಹನ್ನೊಂದಕ್ಕೆ ಇಡಿ, ಮುಗಿದಮೇಲೆ ಒಂದು ಗಂಟೆ ಹಾಲ್ ಖಾಲಿ ಮಾಡ್ಬೇಡಿ, ಆ ಒಂದು ಗಂಟೆ ನಾನು ನಡೆಸ್ತೀನಿ, ಅದರ ಹಿಂದೆಯೇ ಆರ್ಮ್ಸ್ ಡೀಲ್ ಚಿತ್ರ ಮಾತ್ರ ಇಡಬೇಡಿ ಅಂತಿದಾರೆ. ಬೆಳಿಗ್ಗೆ ಇಟ್ರೆ ಕೆಲಸಕ್ಕೆ ಹೋಗೋರು ಬರಲ್ಲ ಅಂತ ನಡೆಸೋರ ವಾದ. ಇನ್ನೂ ಇತ್ಯರ್ಥ ಆಗಿಲ್ಲ, ವಾಟ್ಸಾಪಲ್ಲಿ ಪೋಲ್ ಹಾಕಿದಾರೆ, ಸದ್ಯಕ್ಕೆ ಎರಡೂ ಕಡೆ ಸಮಸಮ ಇದೆ.